ತಾಯಿಯಂತೆ ಉದ್ದ ಮುಖ

ಗೆಳೆಯರೇ, ಇವತ್ತು ಮದ್ದೂರಿನ ನನ್ನ ಕ್ಲಿನಿಕ್ಕಿನಲ್ಲಿ ಮಾನ ಕಳೆದುಕೊಂಡೆ.

ಹಲ್ಲಿಗೆ ಕ್ಲಿಪ್ಪು ಹಾಕುವ ಮುಂಚೆ ನಾವು ಮುಖದ ಬಗೆ ನೋಡುತ್ತೇವೆ: ಉದ್ದವೋ, ಅಗಲವೋ, ನಡುವಿನದೋ. ಮಕ್ಕಳಾದರೆ ಹೆತ್ತವರ ಮುಖವನ್ನೂ ನೋಡುತ್ತೇವೆ, ದವಡೆ ಮುಂದೆ ಹೇಗೆ ಬೆಳೆದೀತು ಎಂದು ಅಂದಾಜು ಮಾಡಲು.

ಆತಗೂರು ಕಡೆಯ ಹನ್ನೆರಡರ ಹುಡುಗಿಯೊಬ್ಬಳು ಅಮ್ಮನ ಜೊತೆ ಬಂದಿದ್ದಳು. ಇಬ್ಬರದೂ ಉದ್ದ ಮುಖ, ಉಬ್ಬು ಹಲ್ಲು. ಒಂದು ಮಾತೂ ಕೇಳದೆ ಶುರು ಮಾಡಿದೆ: "ನಿಮ್ಮ ಮುಖವೇ ಬಂದಿದೆಯಲ್ಲಮ್ಮ. ನೀವೇ ಅನುಭವಿಸಿದ್ದೀರಿ. ಎರಡು ವರ್ಷ ಮುಂಚೆ ಕರ್ಕೊಂಡು ಬರೋಕೆ ಏನಾಗಿತ್ತು?"

ಆಕೆ ತಲೆ ತಗ್ಗಿಸಿ ಬೈಸಿಕೊಂಡರು. ಹುಡುಗಿ ಮಾತ್ರ ಅಮ್ಮನ ಗಲ್ಲ ಮುಟ್ಟಿ, ತನ್ನ ಗಲ್ಲವನ್ನೂ ಮುಟ್ಟಿಕೊಂಡು ನಕ್ಕಳು.

ಅವಳು ಎಕ್ಸ್‌ರೇಗೆ ಒಳಗೆ ಹೋದ ಮೇಲೆ ಆಕೆ ಮೆಲ್ಲಗೆ ಅಂದರು: "ನಾನು ಎತ್ತೋಳಲ್ಲ ಡಾಕ್ಟ್ರೇ. ಅವ್ಳವ್ವ ತೀರ್ಕಂಡ್ರು. ನಾನು ಆ ಮನೆಗೆ ಬಂದು ಒಂದು ವರ್ಸ ಆಯ್ತು. ಅವ್ಳು ನನ್ನ ಅಮ್ಮ ಅನ್ನಾಕೆ ಸುರು ಮಾಡಿ ಇನ್ನೂ ತಿಂಗ್ಳಾಗಿಲ್ಲ."

ನನಗೆ ತಲೆ ಎತ್ತಲಾಗಲಿಲ್ಲ. ತಪ್ಪಾಯಿತು ಎಂದು ಹೇಳಿ, ಚೀಟಿಯಲ್ಲಿ 'ತಾಯಿಯಂತೆ ಉದ್ದ ಮುಖ' ಎಂದು ಬರೆದದ್ದನ್ನು ಹೊಡೆದುಹಾಕಲು ಪೆನ್ನು ತೆಗೆದೆ.

ಆಕೆ ಚೀಟಿಯ ಮೇಲೆ ಕೈ ಇಟ್ಟರು. "ಅದೊಂದು ಅಂಗೇ ಇರ್ಲಿ ಬುಡಿ. ಮನೆಗೋದ್ಮೇಲೆ ಅವ್ಳು ಓದ್ತಾಳೆ."

ಬಿಟ್ಟೆ.

ರಸ್ತೆ ಬದಿಯಲ್ಲಿ ಕೂತು ಮುಖ ನೋಡಿ ಭವಿಷ್ಯ ಹೇಳುವವರೂ ಮೊದಲು 'ಮಗು ನಿಮಗೇನಾಗಬೇಕು?' ಎಂದು ಕೇಳುತ್ತಾರೆ. ನಾನು ಎಂಟು ವರ್ಷ ಓದಿದವನು, ಕೇಳಲಿಲ್ಲ.