ನಾಲಿಗೆ ಎತ್ತು

ಮುಂಬಯಿಯ ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಕೌಸಲ್ಯಾ ಯಾರನ್ನೂ ನಂಬುವ ಹೆಂಗಸಲ್ಲ. ನಾನು ಕೊಟ್ಟ ಹೆಪ್ಪನ್ನೂ ಮೂಸಿ ನೋಡಿಯೇ ಹಾಲಿಗೆ ಹಾಕುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಆದರೆ ಆ ಅನುಮಾನ ಎಲ್ಲಿಂದ ಬಂತೆಂದು ಗೊತ್ತಿದ್ದರಿಂದ ಸುಮ್ಮನಿರುತ್ತಿದ್ದೆ.

ಅವಳ ಮೊದಲ ಮಗಳು ಸರಸ್ವತಿಗೆ ಹನ್ನೊಂದು ವರ್ಷವಾದಾಗ ಕಣ್ಣು ಹಳದಿಯಾಯಿತು. ಬರೀ ಕಾಮಾಲೆ, ಹೆದರಬೇಡಿ ಎಂದರು ಡಾಕ್ಟರು. ಕೌಸಲ್ಯಾ ನಂಬಿದಳು. ಹುಡುಗಿ ಉಳಿಯಲಿಲ್ಲ. ಮುಂದೆ ಮಗ ಶೇಖರನ ಕೈ ನಡುಗಿ ಅಕ್ಷರ ಸೊಟ್ಟಗಾದಾಗ ಅವಳು ಒಬ್ಬ ಡಾಕ್ಟರ ಮಾತಿಗೆ ನಿಲ್ಲಲಿಲ್ಲ. ಕೊನೆಗೆ ಮಕ್ಕಳ ಆಸ್ಪತ್ರೆಯ ಮುದುಕ ಡಾಕ್ಟರೊಬ್ಬರು ಹುಡುಗನ ಕಣ್ಣಿಗೆ ಬೆಳಕು ಬಿಟ್ಟು, ಕರಿಗುಡ್ಡೆಯ ಅಂಚಿನ ಕಂದು ಬಳೆಯನ್ನು ಅವಳಿಗೂ ತೋರಿಸಿದರು. ವಿಲ್ಸನ್ ಕಾಯಿಲೆ, ಅಪ್ಪ ಅಮ್ಮ ಇಬ್ಬರಿಂದಲೂ ಇಳಿದು ಬರುವಂಥದ್ದು; ಸರಸ್ವತಿಯದೂ ಅದೇ ಇದ್ದಿರಬೇಕು ಎಂದರು. ತಾಮ್ರ ಮೈಯಿಂದ ಹೊರಗೆ ಹೋಗದೆ ಲಿವರ್‌ನಲ್ಲಿ, ಮಿದುಳಿನಲ್ಲಿ ಕೂತುಬಿಡುತ್ತದೆ. ಬದುಕಿರುವವರೆಗೂ ಮಾತ್ರೆ ತಪ್ಪಿಸಬಾರದು.

ಅಂದೇ ತಾಮ್ರವೆಲ್ಲ ಮನೆಯಿಂದ ಹೊರಬಿತ್ತು, ದೇವರ ಮುಂದಿನ ಪಂಚಪಾತ್ರೆ ಕೂಡ. ಶೇಖರನ ಮುಂಜಿಯಲ್ಲಿ ಆಚಮನಕ್ಕೆ ಸ್ಟೀಲ್ ಲೋಟ ಇಟ್ಟಾಗ ಮಾಟುಂಗದ ಪುರೋಹಿತರು ಮುಖ ಸಿಂಡರಿಸಿದರು. “ಮಂತ್ರ ನಿಮ್ಮದು, ಪಾತ್ರೆ ನನ್ನದು” ಎಂದಳು. ಯಾವ ದೇವಸ್ಥಾನದಲ್ಲೂ ಅವನು ತೀರ್ಥಕ್ಕೆ ಕೈ ಒಡ್ಡುವ ಹಾಗಿರಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆಯನ್ನು ತಾನೇ ಅವನ ಬಾಯಿಗೆ ಹಾಕುವಳು. “ಆ ಅನ್ನು. ನಾಲಿಗೆ ಎತ್ತು.” ಗೋಡೆಯಾಚೆ ನನಗೆ ಅದೇ ಸುಪ್ರಭಾತ. ಕೈ ನಡುಕ ನಿಂತಿತು, ಹುಡುಗ ಕಾಲೇಜಿಗೂ ಸೇರಿದ.

೧೯೯೦ರಲ್ಲಿ ಅವನಿಗೆ ಹದಿನೆಂಟು ತುಂಬಿತು. ಇನ್ನು ಮಕ್ಕಳ ಆಸ್ಪತ್ರೆಯಲ್ಲಿ ನೋಡುವಂತಿಲ್ಲ ಎಂದು ಮುದುಕ ಡಾಕ್ಟರು ದೊಡ್ಡವರ ಆಸ್ಪತ್ರೆಗೆ ಕಳಿಸಿಕೊಟ್ಟರು.

“ಇಷ್ಟು ವರ್ಷ ನೋಡಿದೋರು ಈಗ್ಯಾಕೆ ಕೈ ಬಿಡ್ತಾರೆ? ಏನೋ ಮುಚ್ಚಿಡ್ತಿದಾರೆ, ರಮಾಮಣಿ” ಎಂದು ಕೌಸಲ್ಯಾ ನನ್ನನ್ನೂ ಎಳೆದುಕೊಂಡು ಹೋದಳು.

ಅಲ್ಲಿ ಬೆಂಚಿನ ತುಂಬ ಹೊಟ್ಟೆ ಉಬ್ಬಿದ ಕುಡುಕರು. ಹೊಸ ಡಾಕ್ಟರು ಅವಳ ಕಡೆ ನೋಡಲೂ ಇಲ್ಲ, ನೇರವಾಗಿ ಶೇಖರನನ್ನು “ದಾರೂ ಪೀತೇ ಹೋ?”, ಹೆಂಡ ಕುಡಿಯುತ್ತೀಯಾ ಎಂದು ಕೇಳಿದರು.

“ಮೇರಾ ಬೇಟಾ ತೀರ್ಥ ಭೀ ನಹೀ ಪೀತಾ!” ಎಂದು ಕೌಸಲ್ಯಾ ಹಾರಿಬಿದ್ದಳು.

ಆದರೆ ಅಲ್ಲಿ ಮಾಡಿಸಿದ ಪರೀಕ್ಷೆಯ ಫಲ ಚೆನ್ನಾಗಿರಲಿಲ್ಲ. ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ ಎಂದರು ಡಾಕ್ಟರು. ಅಷ್ಟರಲ್ಲಿ ಹುಡುಗನ ಕೈಯಲ್ಲಿ ಚಹಾದ ಕಪ್ಪು ಮತ್ತೆ ನಡುಗತೊಡಗಿತ್ತು. ಕೌಸಲ್ಯಾ ಔಷಧಿ ಅಂಗಡಿಯವನ ಮೇಲೆ ಅನುಮಾನಪಟ್ಟಳು, ಬೊರಿವಲಿಯ ನಾದಿನಿಯ ಮೇಲೆ ಪಟ್ಟಳು. ಕೊನೆಗೆ ನನ್ನ ಬಾಗಿಲಿಗೂ ಬಂದಳು. “ನಿಮ್ಮನೇಲಿ ಅವನಿಗೆ ನೀರು ಯಾವುದರಲ್ಲಿ ಕೊಟ್ರಿ?” ನಾನು ನಮ್ಮ ಸ್ಟೀಲ್ ಲೋಟ ತಂದು ಅವಳ ಮುಂದೆ ಕುಕ್ಕಿದೆ.

ಮುಂದಿನ ಸಲ ಡಾಕ್ಟರು ಅವಳನ್ನು ಹೊರಗೆ ಕಳಿಸಿ, ಶೇಖರನೊಬ್ಬನನ್ನೇ ಕೂರಿಸಿಕೊಂಡರು. ಅವಳು ಬಾಗಿಲಿಗೆ ಕಿವಿ ಕೊಟ್ಟು ನಿಂತಳು. ಅವಳನ್ನು ಒಳಗೆ ಕರೆಯಲು ಡಾಕ್ಟರು ಬಾಗಿಲನ್ನು ತಟ್ಟನೆ ತೆರೆದಾಗ ಬೀಳುವುದೊಂದು ಬಾಕಿ.

ಶೇಖರ ತಲೆ ತಗ್ಗಿಸಿಕೊಂಡೇ ಹೇಳಿದ: “ಮೈ ಬಚ್ಚಾ ಹೂಂ ಕ್ಯಾ, ಅಮ್ಮಾ? ಕಾಲೇಜ್ ಹೋಗೋನು ಡೇಲಿ ನಾಲಿಗೆ ತೋರಿಸಬೇಕು ಅಂದ್ರೆ... ಶರಮ್ ಆಗತ್ತೆ.”

ಮಾತ್ರೆಯನ್ನು ಕೆನ್ನೆಗೂ ವಸಡಿಗೂ ನಡುವೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಗಟಾರಕ್ಕೆ ಉಗಿಯುತ್ತಿದ್ದನಂತೆ. ತಿಂಗಳುಗಟ್ಟಲೆ! ಮುಂಬಯಿಯನ್ನೆಲ್ಲ ಅನುಮಾನಿಸಿದವಳು ನಾಲಿಗೆಯ ಕೆಳಗೆ ಮಾತ್ರ ನೋಡಿದ್ದಳು, ಕೆನ್ನೆಯೊಳಗೆ ನೋಡಿರಲಿಲ್ಲ.

“ನಾಳೆಯಿಂದ ಡಬ್ಬಿ ಅವನ ಕೈಗೆ. ನೀವು ನೋಡಬಾರದು” ಎಂದರು ಡಾಕ್ಟರು.

“ಅವನು ನುಂಗದೇ ಇದ್ದರೆ?”

“ಈವರೆಗೆ ನೀವು ನೋಡುತ್ತಲೇ ಇದ್ದಿರಲ್ಲ, ನುಂಗಿದನೇ?”

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಅವಳ ಮನೆಗೆ ಹೋದೆ. ಕೌಸಲ್ಯಾ ಮಗನಿಗೆ ಬೆನ್ನು ಹಾಕಿ ಒಲೆಯ ಮುಂದೆ ನಿಂತಿದ್ದಳು. ಒಗ್ಗರಣೆ ಸೀಯುತ್ತಿತ್ತು. ಹಿಂದೆ ಡಬ್ಬಿ ತೆರೆದ ಸದ್ದು, ಲೋಟ ಕೆಳಗಿಟ್ಟ ಸದ್ದು. ಅವಳು ಕತ್ತು ತಿರುಗಿಸಲಿಲ್ಲ. ಅವನು ಚಪ್ಪಲಿ ಮೆಟ್ಟಿ ಹೋದ ಮೇಲೆ, “ಒಂದು ಸಲ ನಂಬಿ ಒಂದು ಮಗು ಕಳಕೊಂಡಿದೀನಿ, ರಮಾಮಣಿ” ಎಂದಳು. ನಾನು ಹೋಗಿ ಒಲೆ ಆರಿಸಿದೆ.

ದಿನಾ ಹಾಗೇ ಬೆನ್ನು ಹಾಕಿ ನಿಂತಳು. ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಶೇಖರ ಒಬ್ಬನೇ ಒಳಗೆ ಹೋದ. ಈ ಸಲ ಅವಳು ಬಾಗಿಲ ಹತ್ತಿರ ಸುಳಿಯಲಿಲ್ಲ, ಬೆಂಚಿನ ಅಂಚು ಹಿಡಿದು ಕೂತಿದ್ದಳು. ಅವನು ಹೊರಗೆ ಬಂದು, “ಮಾತ್ರೆ ಬರಾಬರ್ ಕೆಲಸ ಮಾಡ್ತಿದೆ ಅಂದ್ರು” ಎಂದು ಅವಳ ಪಕ್ಕ ಕೂತ. ಆಮೇಲೆ ಅಷ್ಟು ಜನರ ಎದುರಿಗೆ, ಯಾರೂ ಕೇಳದೆ, ಬಾಯಿ ಅಗಲಿಸಿ ನಾಲಿಗೆ ಎತ್ತಿದ.

ಕೌಸಲ್ಯಾ ನೋಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ತಡಕಾಡಿ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. “ಮುಚ್ಚೋ ಬಾಯಿ, ನಾನು ಕೇಳಿದ್ನಾ?” ಎಂದು ಅಳತೊಡಗಿದಳು.