ಅಚ್ಚು ಬದಲಾದ ಲಾರಿ

ತನ್ನ ಲಾರಿಗೆ ತಾನೇ ಹೆದರುವ ಮಾಲೀಕನನ್ನು ನೀವು ಕಂಡಿರಲಿಕ್ಕಿಲ್ಲ. ನನ್ನನ್ನು ನೋಡಿ. ಈಚೆಗೆ ಲಾರಿಯ ಹಿಂಭಾಗದಿಂದ ಬರುವ ದನಿ ಕಿವಿಗೆ ಬಿದ್ದರೆ ನನ್ನ ಎದೆ ಡವಗುಟ್ಟುತ್ತದೆ. ಓಡಿಸುವವನು ನಾನೇ ಆದ್ದರಿಂದ ಬಿಟ್ಟು ಓಡುವ ಅನುಕೂಲವೂ ಇಲ್ಲ.

ಮೂತಿ ಮುಂದಕ್ಕೆ ಚಾಚಿಕೊಂಡಿರುವ ಆ ಕಾಲದ ಲಾರಿ ಅದು, ಅಪ್ಪ ಬಿಟ್ಟುಹೋದದ್ದು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿಕೊಂಡು ನಾರಾಯಣಖೇಡ, ಕಂಗ್ಟಿಯ ಕಡೆ ಇಳಿಸಿ ಜಹೀರಾಬಾದಿನ ಮನೆಗೆ ಮರಳುವುದು ಅಪ್ಪನ ಕಸುಬಾಗಿತ್ತು, ಈಗ ನನ್ನದು. ಇಂಥ ಮುದಿ ಲಾರಿಗಳ ಹಿಂದಿನ ಗಾಲಿಗಳನ್ನು ಕೂಡಿಸುವ ಅಚ್ಚಿನೊಳಗಿಂದ ಸಣ್ಣದೊಂದು ರಾಗ ಹೊರಡುತ್ತದೆ. ನಮ್ಮ ಕಡೆಯ ಮೆಕ್ಯಾನಿಕರು ಅದನ್ನು ಸದ್ದು ಎನ್ನುವುದಿಲ್ಲ, ಅಳು ಎನ್ನುತ್ತಾರೆ. ನಮ್ಮ ಲಾರಿಯ ಅಳು ಅವ್ವನಿಗೆ ಬಾಯಿಪಾಠ. ಕಣ್ಣು ಮಂಜಾದ ಮೇಲಂತೂ ಅವಳು ನನ್ನನ್ನು ನೋಡುತ್ತಿದ್ದದ್ದೇ ಕಿವಿಯಿಂದ. ಲಾರಿ ಇನ್ನೂ ದಿಬ್ಬದ ಮೇಲಿರುವಾಗಲೇ ನನ್ನ ಹೆಂಡತಿಯನ್ನು ಕೂಗಿ, ‘ಶಾಂತಾ, ಬಂದ ನೋಡವ್ವ, ಹಂಚು ಒಲಿ ಮ್ಯಾಲ ಇಡು’ ಎನ್ನುತ್ತಿದ್ದಳು. ಅಪ್ಪನಿಗೂ ಹೀಗೆಯೇ ಬಿಸಿ ರೊಟ್ಟಿ ಸಿಗುತ್ತಿತ್ತು.

ಧಾರೂರಿನ ಹತ್ತಿರ ಒಂದು ದಿನ ಕಲ್ಲಿನ ಭಾರಕ್ಕೆ ಅಚ್ಚಿನ ಕವಚ ಬಿರುಕು ಬಿಟ್ಟು, ಒಳಗಿನ ಹಲ್ಲು ಮುರಿಯಿತು. ಲಾರಿಯನ್ನು ಎಳೆಸಿಕೊಂಡು ಬಂದು ಜಹೀರಾಬಾದಿನ ಖಾಜಾ ಮಿಯಾನ ಗ್ಯಾರೇಜಿಗೆ ಒಪ್ಪಿಸಿದೆ. ಆತ ಗುಜರಿಯಿಂದ ಅದೇ ಜಾತಿಯ ಇಡೀ ಅಚ್ಚನ್ನು ಹುಡುಕಿ ತಂದ. ಆಗ ನನಗೆ ಪಿತೃಭಕ್ತಿ ಉಕ್ಕಿತು. ಹೊರಗಿನ ಕವಚ ಯಾರದಾದರೂ ಇರಲಿ, ಒಳಗಿನ ದೊಡ್ಡ ಹಲ್ಲುಚಕ್ರ, ಅಂದರೆ ಕ್ರೌನ್, ಅದಕ್ಕೆ ಪೆಟ್ಟಾಗಿಲ್ಲ, ಅಪ್ಪನದನ್ನೇ ಕೂಡಿಸು ಎಂದೆ. ಮುರಿದದ್ದು ಅದನ್ನು ತಿರುಗಿಸುವ ಸಣ್ಣ ಚಕ್ರ ಪಿನಿಯನ್ ಮಾತ್ರ ತಾನೆ? ಖಾಜಾ ಮಿಯಾ ಕೈಯ ಗ್ರೀಸು ಒರೆಸಿಕೊಳ್ಳುತ್ತ ತಲೆಯಾಡಿಸಿದ.

‘ಜೋಡಿ ಮುರೀಬಾರದ್ರೀ. ಇವು ಹಲ್ಲಿಗಿ ಹಲ್ಲು ತೇದು ಸಂಸಾರ ಮಾಡ್ಯಾವ. ಒಂದನ್ನ ತಗದು ಬ್ಯಾರೇದಕ ಕೂಡ್ಸಿದ್ರ ಒದರಿ ಒದರಿ ಸಾಯ್ತಾವ.’

ಹಲ್ಲಿಗೆ ಹಲ್ಲು ತೇಯುವ ಸಂಸಾರದ ಅನುಭವ ನನಗೂ ಇರುವುದರಿಂದ ತೆಪ್ಪಗಾದೆ. ಲಾರಿಯ ಹಿಂಭಾಗವನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಸ್ಪ್ರಿಂಗ್ ಪಟ್ಟಿಗಳ ಪಾಟಾ ಬೋಲ್ಟು ಬಿಚ್ಚಿ, ಅಪ್ಪನ ಅಚ್ಚನ್ನು ಈ ಕಡೆಯಿಂದ ಉರುಳಿಸಿ ತೆಗೆದರು. ಆ ಕಡೆಯಿಂದ ಹೊಸತನ್ನು ಉರುಳಿಸಿ ತಂದರು. ಯಾರ ಗಾಡಿಯದು ಎಂದು ಕೇಳಿದೆ. ‘ಗುಜರಿಗಿ ಬಂದದ್ದಕ ಹೆಸರಿರಂಗಿಲ್ರೀ’ ಎಂದ ಖಾಜಾ.

ಕನ್ನಡದ ಈ ಅಚ್ಚು ಎನ್ನುವ ಪದವನ್ನು ನಂಬಬಾರದು. ಗಾಲಿ ತಿರುಗುವುದೂ ಅಚ್ಚಿನ ಮೇಲೆ, ಬೆಲ್ಲ ಹೊಯ್ಯುವುದೂ ಅಚ್ಚಿನಲ್ಲಿ, ಮಗ ಅಪ್ಪನಂತೆ ಕಂಡರೆ ಅವನೂ ಪಡಿಯಚ್ಚು. ನಮ್ಮ ಓಣಿಯ ಬುದ್ಧವಿಹಾರಕ್ಕೆ ಬಂದಿದ್ದ ಬೌದ್ಧ ಭಿಕ್ಷು, ಭಂತೇಜಿಯೊಬ್ಬರು, ಗಾಲಿ ರಥವೋ, ನೊಗ ರಥವೋ, ಅಚ್ಚು ರಥವೋ ಎಂದು ಕೇಳಿ ನಮ್ಮನ್ನು ಸುಸ್ತು ಮಾಡಿದ್ದರು. ರಥ ಇಲ್ಲದವರಿಗೆ ಆ ಚಿಂತೆ ಯಾಕೆ ಎಂದು ನಾನು ಹಿಂದಿನ ಸಾಲಿನಲ್ಲಿ ಕೂತು ನಕ್ಕಿದ್ದೆ.

ಗ್ಯಾರೇಜಿನಿಂದಲೇ ತಾಂಡೂರಿಗೆ ಹೋಗಿ ಬಂದು, ಹೊಸ ಅಚ್ಚಿನ ಲಾರಿಯನ್ನು ಮೊದಲ ಸಲ ಮನೆಯ ಮುಂದೆ ನಿಲ್ಲಿಸಿದಾಗ ಹೊತ್ತು ಮುಳುಗುತ್ತಿತ್ತು. ಅದರ ಅಳು ಬೇರೆಯಾಗಿತ್ತು, ತುಸು ಕೆಳದನಿಯದು, ಕೊನೆಗೆ ಬಿಕ್ಕಿದ ಹಾಗೆ. ಅವ್ವ ಬಾಗಿಲಲ್ಲಿ ನಿಂತು ಸೆರಗು ಸರಿಮಾಡಿಕೊಂಡಳು.

‘ಯಾರ್ರೀ? ನನ್ನ ಮಗ ತಾಂಡೂರಿಗಿ ಹೋಗ್ಯಾನ್ರೀ. ಆಮ್ಯಾಲ ಬರ್ರಿ.’

‘ಅವ್ವಾ, ನಾನು’ ಎಂದೆ. ಹತ್ತಿರ ಬಂದು ನನ್ನ ಮುಖವನ್ನೆಲ್ಲ ಸವರಿದಳು. ‘ಮಾರಿ ನಿಂದೇ ಅದ. ಗಾಡಿ ಯಾರದೋ?’ ಎಂದಳು. ಹೆತ್ತವಳ ಬಾಯಲ್ಲಿ ರೀ ಎನ್ನಿಸಿಕೊಂಡದ್ದಕ್ಕೆ ನನಗೆ ಬಹಳ ನೋವಾಯಿತು. ಒಲೆ ತಣ್ಣಗಿತ್ತು.

ಅದಾದ ಮೇಲಿನ ಬಾಡಿಗೆ ಕಂಗ್ಟಿಯ ಕಡೆಗಿತ್ತು. ಕಲ್ಲು ಇಳಿಸಿ ಹೊರಟಾಗ ಮಬ್ಬುಗತ್ತಲು, ಎರಡೂ ಕಡೆ ಆಳೆತ್ತರದ ಜೋಳ. ಗಾಳಿ ಇರಲಿಲ್ಲ, ಆದರೂ ಒಂದು ಕಡೆಯ ಜೋಳ ಅಲುಗಿತು. ಅದನ್ನು ಸರಿಸಿಕೊಂಡು ಒಬ್ಬ ಮುದುಕಿ ರಸ್ತೆಗೆ ಬಂದು, ನೀರಿನ ತಂಬಿಗೆ ಹಿಡಿದು ನಡುವೆಯೇ ನಿಂತಳು. ಬ್ರೇಕು ಒತ್ತಿದೆ.

‘ಬಂದೇನೋ ಯಪ್ಪಾ? ಎಷ್ಟು ತಡಾ ಮಾಡ್ದಿ!’

ಇಳಿದು ದೀಪದ ಬೆಳಕಿಗೆ ಬಂದೆ. ನನ್ನನ್ನು ನೋಡಿ ಅವಳ ಮುಖ ಮೆಲ್ಲಗೆ ಇಳಿಯಿತು. ಮಗ ಕಾಮಾಲೆಯಾಗಿ ತೀರಿಕೊಂಡನಂತೆ. ಅವನ ಲಾರಿ ಗುಜರಿಗೆ ಹೋಯಿತಂತೆ. ಅದೂ ಹೀಗೆಯೇ ಕೊನೆಗೆ ಬಿಕ್ಕುತ್ತಿತ್ತಂತೆ.

‘ಅಂವ ಇಲ್ಲಂತ ನನಗ ಗೊತ್ತದ ಯಪ್ಪಾ. ಕಿವಿಗಿ ಗೊತ್ತಿಲ್ಲ. ನೀರರ ಕುಡೀ.’

ಕುಡಿದೆ. ನನ್ನ ತಾಯಿ ರೀ ಎಂದಳು, ಇನ್ನೊಬ್ಬನ ತಾಯಿ ನೀ ಎಂದಳು. ಒಂದು ಕಬ್ಬಿಣದ ಅಚ್ಚು ಇಷ್ಟನ್ನು ಮಾಡಿತು. ಜಹೀರಾಬಾದಿನವರೆಗೂ ನಾನು ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ನೋಡಲಿಲ್ಲ.

ಖಾಜಾ ಮಿಯಾನಿಗೆ ಹೇಳಿದೆ. ದಪ್ಪ ಎಣ್ಣೆ ಹೊಯ್ದರೆ ಅಳು ಅಡಗುತ್ತದೆ ಎಂದು ಡಬ್ಬಿಯನ್ನೇ ತೆಗೆದ. ಹೊಯ್ಯಿಸಿದರೆ ಕಂಗ್ಟಿಯ ಮುದುಕಿ ಮತ್ತೆ ರಸ್ತೆಗೆ ಬರುವುದಿಲ್ಲ. ಬಿಟ್ಟರೆ ನನ್ನ ಅವ್ವ ದಿನವೂ ನನಗೆ ರೀ ಎನ್ನುತ್ತಾಳೆ. ತಡಿ ಎಂದು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ‘ಅಳಲಿ ಬಿಡು’ ಎಂದಳು.

ಈಗ ದಿಬ್ಬ ಇಳಿಯುವಾಗಲೇ ಅವ್ವ ಒಳಗೆ ಕೂಗುತ್ತಾಳಂತೆ: ‘ಶಾಂತಾ, ಕಂಗ್ಟಿ ಮುದುಕಿ ಮಗ ಬಂದಾನ. ನಮ್ಮವನೂ ಅವನ ಕೂಡ ಬಂದಿರ್ತಾನ. ಎರಡು ತಾಟು ಹಚ್ಚವ್ವ.’ ಹಂಚು ಮತ್ತೆ ಒಲೆಯ ಮೇಲೇರಿದೆ. ಒಂದು ತಾಟಿನ ಮುಂದೆ ನಾನು ಕೂರುತ್ತೇನೆ. ಇನ್ನೊಂದರ ಮುಂದೆ ಯಾರೂ ಇರುವುದಿಲ್ಲ. ಅದರ ಎದುರು ಅವ್ವ ಕೂತು, ‘ಸಾವಕಾಶ ಉಣ್ಣೋ ಯಪ್ಪಾ’ ಎನ್ನುತ್ತಾಳೆ. ಯಾರಿಗೆ ಹೇಳಿದ್ದು ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಇಬ್ಬರೂ ಸಾವಕಾಶವಾಗಿಯೇ ಉಣ್ಣುತ್ತೇವೆ.