ಅಪ್ಪ ಹೇಳದ ಮಾತು

ಇವತ್ತು ಏಕಾದಶಿ, ಉಪವಾಸ. ನಸುಕಿನಲ್ಲಿ ಅಂಗಳ ಗುಡಿಸುವಾಗ ಕಸಬರಿಗೆಗೆ ಗರಗಸದ ಹೊಟ್ಟು ಸಿಕ್ಕಿತು. ಆ ಹಸಿ ಕಟ್ಟಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಯಿತು.

ನಾನು ಸಣ್ಣವಳಿದ್ದಾಗ ನಮ್ಮ ಸಾಲಿಯಲ್ಲಿ ಕೈಗೆಲಸದ ತಾಸಿಗೆ ಹುಡುಗರಿಗೆ ಗರಗಸ, ಹುಡುಗಿಯರಿಗೆ ಸೂಜಿ. ನಿಂಬೆಗಿಡದ ಮುಳ್ಳಿಗೆ ಅವ್ವನ ಕೈ ಹರಿಯುವುದನ್ನು ನೋಡಲಾರದೆ ನಾನು ಅಪ್ಪನ ಗರಗಸದಿಂದ ಬಿದಿರು ಕೊಯ್ದೆ. ತುದಿಗೆ ತಂತಿಯ ಬಳೆ, ಅದಕ್ಕೊಂದು ಅರಿವೆಯ ಚೀಲ ಕಟ್ಟಿ, ಹಣ್ಣು ಹರಿಯುವ ಕೋಲು ಮಾಡಿ ಸಾಲಿಗೆ ಒಯ್ದೆ.

ಮಾಸ್ತರರು ತಿರುಗಿಸಿ ನೋಡಿದರು. "ಖರೇ ಹೇಳವಾ, ಯಾರ ಮಾಡಿಕೊಟ್ಟಾರ?"

"ನಾನ ಮಾಡೇನ್ರಿ."

"ಹೌದಾ? ನಿಮ್ಮಪ್ಪನ್ನ ಕರಕೊಂಡ ಬಾ."

ಅಪ್ಪ ಬಂದ. ನಾನು ಕೊಯ್ಯುವುದನ್ನು ಅವನು ಕಂಡಿದ್ದ. ಆದರೆ ಸಾಲಿಯ ಬಾಗಿಲಲ್ಲಿ ಊರ ನಾಲ್ಕು ಮಂದಿ ನಿಂತಿದ್ದರು. ಟವೆಲ್ಲು ತಿರುವುತ್ತ ಅಂದ, "ನಾನ ಮಾಡೇನ್ರಿ ಮಾಸ್ತರ್ರ. ಹೆಣ್ಣಹುಡುಗಿ ಗರಗಸ ಹಿಡಿತಾಳೇನ್ರಿ?"

ಎಲ್ಲರೂ ನಕ್ಕರು. ಸುಳ್ಳಿ ಅನ್ನಿಸಿಕೊಂಡು ಸಂಜೆತನಕ ಮೂಲೆಯಲ್ಲಿ ನಿಂತೆ. ಅಂಗೈಯಲ್ಲೆದ್ದ ಬೊಬ್ಬೆ ಉರಿಯುತ್ತಿತ್ತು.

ಇವತ್ತಿನ ಹೊಟ್ಟು ಮೊಮ್ಮಗಳದ್ದು. ಸಣ್ಣ ನಿಂಬೆ, ದೊಡ್ಡ ನಿಂಬೆ ತಾವೇ ಬೇರೆಯಾಗಿ ಉರುಳುವ ಹಲಗೆ ಮಾಡಿದ್ದಾಳೆ. ನಿನ್ನೆ ಅದನ್ನು ನೋಡಿ ಅವಳ ಟೀಚರು ನೋಟ್‌ಬುಕ್ಕಿನಲ್ಲಿ ಬರೆದು ಕಳಿಸಿದ್ದಾರೆ: "ಇದನ್ನು ಮನೆಯಲ್ಲಿ ಯಾರು ಮಾಡಿಕೊಟ್ಟರು? ನಾಳೆಯೇ ತಿಳಿಸಿ." ಉತ್ತರ ಮುಟ್ಟುವತನಕ ಸಾಲಿಗೆ ಹೋಗಲೊಲ್ಲೆ ಅಂತ ಹುಡುಗಿ ಉಣ್ಣದೆ ಕೂತಿದ್ದಾಳೆ.

ದೇವರ ಮುಂದೆ ಕೂತು ಬರೆದಿಟ್ಟೇನಿ: "ಅವಳೇ ಮಾಡಿದ್ದು. ನಾನು ಕಣ್ಣಾರೆ ಕಂಡೇನಿ."

ಉಪವಾಸದಾಗ ನನಗ ಅಷ್ಟ ದೂರ ಹೋಗಾಕ ಆಗೂದಿಲ್ಲ. ನಮ್ಮೂರಿಂದ ಇಂಡಿಗೆ ಹೋಗೋ ಟೆಂಪೋ ಹತ್ತುವವರು ಯಾರಾದರೂ ನಮ್ಮ ಮನಿಗೆ ಬಂದು ಈ ಚೀಟಿ ಅಲ್ಲಿ ಅವಳ ಸಾಲಿಗೆ ಒಯ್ರಿ. ಸಾಲಿ ಗಂಟೆ ಹೊಡಿಯೂದರೊಳಗ ಮುಟ್ಟಬೇಕ್ರಿ.